ಗುರುತಿನವರ ಬಸ್ಸು

ಹೊಸಪೇಟೆ ಸುತ್ತಮುತ್ತ ಓಡುವ ಬಸ್ಸಿನಲ್ಲಿ ನಾನು ಕಂಡಕ್ಟರ್. ನಮ್ಮ ಕಡೆ ಇಬ್ಬರು ಒಬ್ಬರನ್ನೊಬ್ಬರು ಗುರುತು ಹಿಡಿದರೆ ಸಾಕು, ಏನಾದರೊಂದು ನಡೆದೇ ನಡೆಯುತ್ತದೆ. ನನ್ನ ಬಸ್ಸಿನಲ್ಲಂತೂ ದಿನಾ.

ಸೀಟು

ಸಂಡೂರಿನ ಬಸ್ಸು ನಿಲ್ಲುವ ಮೊದಲೇ ಎರಡು ಕಿಟಕಿಯಿಂದ ಎರಡು ಟವೆಲ್ ಬಂದು, ಖಾಲಿಯಿದ್ದ ಒಂದೇ ಸೀಟಿನ ಮೇಲೆ ಬಿದ್ದವು. ಹಿಂದೆಯೇ ಅವುಗಳ ಯಜಮಾನರೂ ಬಂದರು.

"ನಂದು ಮೊದ್ಲು ಬಿದ್ದೈತಿ!"

"ಬಿದ್ರ ಬಿದ್ದಿರ್ಲಿ, ನಂದು ಮ್ಯಾಲೈತಿ!"

ಮಾತು ಕೈಗೆ ಬರುವುದರಲ್ಲಿತ್ತು. "ಯಾವೂರಲೇ ನಿಂದು?" ಎಂದು ಹಿರಿಯವನು ಗದರಿದ.

"ಗಾದಿಗನೂರು. ಏನೀಗ?"

"ಗಾದಿಗನೂರಾಗ ಯಾರ ಪೈಕಿ?"

ಕಿರಿಯವನು ಮನೆತನದ ಹೆಸರು ಹೇಳಿದ. ಹಿರಿಯವನ ದನಿ ಒಮ್ಮೆಲೇ ಇಳಿಯಿತು. ಅವನ ಮಗಳಿಗೆ ಅದೇ ಮನೆತನದಲ್ಲಿ ವರ ನೋಡುತ್ತಿದ್ದರು.

"ಬೀಗರಾಗೋರು ನೀವು! ಕುಂದ್ರಿ, ಕುಂದ್ರಿ."

"ಛೇ ಛೇ, ದೊಡ್ಡೋರು ನೀವು ಕುಂದ್ರಿ."

ಈ ಉಪಚಾರ ಮುಗಿಯುವಷ್ಟರಲ್ಲಿ ಹೂವಿನ ಬುಟ್ಟಿಯವಳೊಬ್ಬಳು ಸೀಟಿನಲ್ಲಿ ಕುಳಿತು, ಇಬ್ಬರಿಗೂ ಅವರವರ ಟವೆಲ್ ಮಡಚಿ ಕೊಟ್ಟಳು.

ನೂಕು

ಒಮ್ಮೆ ಸಂಡೂರಿನ ಹತ್ತಿರ ಎಂಜಿನ್ ಬಂದ್ ಆಯಿತು. ಗಂಡಸರೆಲ್ಲ ಇಳಿದು ಕೈ ಹಚ್ಚಿದರೂ ಬಸ್ಸು ಅಲುಗಲಿಲ್ಲ. ಪಕ್ಕದವನು ನೂಕುತ್ತಾನೆ ಅಂತ ಪ್ರತಿಯೊಬ್ಬನೂ ನಂಬಿಕೊಂಡಿದ್ದ.

ಕಿಟಕಿಯಿಂದ ನಿವೃತ್ತ ಟೀಚರಮ್ಮ ತಲೆ ಹೊರಹಾಕಿದರು. ಊರಿನ ಅರ್ಧ ಮಂದಿಗೆ ಅಕ್ಷರ ಕಲಿಸಿದವರು.

"ಲೇ ಕೆಂಪಂಗಿ, ಸಾಲಿ ಪ್ರಾರ್ಥನ್ಯಾಗ ಬರೇ ಬಾಯಿ ಆಡಸ್ತಿದ್ದಿ. ಈಗ ಬರೇ ಕೈ ಇಟ್ಟೀಯೇನು? ನೂಕು!"

ಅವರ ಬಳಿ ಓದದವರೂ ಹೆದರಿ ನೂಕಿದರು. ಬಸ್ಸು ಉರುಳತೊಡಗಿತು. ಆದರೂ ಎಂಜಿನ್ ಯಾಕೆ ಸ್ಟಾರ್ಟ್ ಆಗುತ್ತಿಲ್ಲವೆಂದು ನೋಡಿದರೆ, ನನ್ನ ಪಕ್ಕದಲ್ಲೇ ಡ್ರೈವರ್ ಮೈಮುರಿದು ನೂಕುತ್ತಿದ್ದ. ಅವನೂ ಅವರ ಶಿಷ್ಯನೇ!

ಕಳೆದುಹೋದ ಅವ್ವ

ಕಂಪ್ಲಿ ಬಸ್ಸಿನ ದಿನನಿತ್ಯದ ಪ್ರಯಾಣಿಕರದೊಂದು ವಾಟ್ಸಾಪ್ ಗ್ರೂಪ್ ಇದೆ. "ಅವ್ವ ಹಂಪಿಗೆ ಹೋದಾಕಿ ಬಂದಿಲ್ರೀ" ಎಂದು ಒಬ್ಬ ಅದರಲ್ಲಿ ಫೋಟೋ ಹಾಕಿದ. ಅವನಿಗೆ ಫೋನ್ ಮಾಡಿದರೆ ಬರೀ ಅಳು. ನಾವೆಲ್ಲ ತೋರಣಗಲ್ಲಿನವರೆಗೂ ಫೋಟೋ ಮುಟ್ಟಿಸಿದೆವು: "ಕಂಡಲ್ಲಿ ಹಿಡಿದು ಕಂಪ್ಲಿಗೆ ತಲುಪಿಸಿ."

ಸಂಜೆಯೊಳಗೆ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು, ಹಾಯಾಗಿ ಮಿರ್ಚಿ ತಿನ್ನುತ್ತಾ. ಮಗ ಓಡಿ ಬಂದು ಅವಳ ಕಾಲು ಹಿಡಿದು ಅಲ್ಲೇ ಕೂತುಬಿಟ್ಟ.

ಅವ್ವ ಮನೆ ಸೇರಿದರೂ ಫೋಟೋದ ಓಡಾಟ ನಿಲ್ಲಲಿಲ್ಲ. ಆಕೆ ಸಂತೆಗೆ ಹೋದರೂ ಯಾರಾದರೊಬ್ಬರು "ಸಿಕ್ಕಳು!" ಅಂತ ಬೈಕಿಗೆ ಹತ್ತಿಸಿಕೊಂಡು ಮನೆ ಬಾಗಿಲಿಗೇ ಇಳಿಸುವರು. ಪಾಪ, ಬೇಸತ್ತಿರಬೇಕು ಅಂತ ಒಂದು ದಿನ ಸಂತೆಯ ಹತ್ತಿರ ಕಂಡಾಗ ಕೇಳಿದೆ: "ಅವ್ವಾ, ನೀ ಸಿಕ್ಕೀ ಅಂತ ಎಲ್ಲಾ ಕಡೆ ಹಾಕಿಬಿಡ್ಲೇನು?"

ಅವ್ವ ಭಾರದ ಚೀಲ ಕೆಳಗಿಟ್ಟು, ಮುಖ ಸಪ್ಪಗೆ ಮಾಡಿಕೊಂಡು ರಸ್ತೆಯಂಚಿಗೆ ನಿಂತಳು.

"ಬ್ಯಾಡಪಾ. ಮಂಡಿ ಭಾಳ ನೋಯ್ತಾವು. ಇನ್ನಷ್ಟು ದಿನ ಕಳದುಹೋಗೇ ಇರ್ತೀನಿ."