ಸಮುದ್ರಕ್ಕೆ ಹಗ್ಗ ತಂದ ಮಾಮ

ನಮ್ಮ ಸೋದರಮಾವನ ಜೊತೆ ನೀವು ಜಗತ್ತಿನ ಯಾವ ಮೂಲೆಗಾದರೂ ಧೈರ್ಯವಾಗಿ ಹೊರಡಬಹುದು. ಕೂದಲೂ ಕೊಂಕುವುದಿಲ್ಲ. ಆದರೆ ಆ ಮೂಲೆಯನ್ನು ತಲುಪುತ್ತೀರಿ ಎಂಬ ಭರವಸೆಯನ್ನು ಮಾತ್ರ ನಾನು ಕೊಡಲಾರೆ!

ಸಿರುಗುಪ್ಪದಲ್ಲಿ ಕಾಲುವೆ ನೀರಿನಿಂದ ಭತ್ತ ಬೆಳೆಯುವ ಈ ಮಹಾನುಭಾವನಿಗೆ ಎಲ್ಲೆಲ್ಲೂ ಅಪಾಯವೇ ಕಾಣುತ್ತದೆ. ಆಗ ಗಣಿಗಾರಿಕೆ ಜೋರಾಗಿದ್ದ ಕಾಲ. ಬಳ್ಳಾರಿಯ ನಮ್ಮ ಮನೆ ಮುಂದೆ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸುತ್ತ ಹಗಲಿರುಳು ಓಡುತ್ತಿದ್ದವು. ಎರಡೂ ಕಡೆ ಒಂದೂ ಲಾರಿ ಕಾಣದಿದ್ದಾಗ ಮಾತ್ರ ರಸ್ತೆ ದಾಟಬೇಕೆಂಬುದು ಮಾಮನ ಕಾನೂನು. ಅಂಥ ಗಳಿಗೆ ಆಗಿನ ಬಳ್ಳಾರಿಯಲ್ಲಿ ಎಲ್ಲಿಂದ ಬರಬೇಕು? ಕಡೆಗೆ ಎದುರಿನ ಅಂಗಡಿಯಿಂದ ಸಕ್ಕರೆ ತರಲು ಇಬ್ಬರೂ ಆಟೋ ಮಾಡಿಕೊಂಡು ಹೋದೆವು.

ಆ ವರ್ಷ ಅವ್ವನ ಕಣ್ಣಿನ ಬೆಳಕು ದಿನೇ ದಿನೇ ಕಡಿಮೆಯಾಗುತ್ತಿತ್ತು. ದೃಷ್ಟಿ ಇನ್ನು ಉಳಿಯುವುದಿಲ್ಲ, ನೋಡುವುದೇನಿದ್ದರೂ ಈಗಲೇ ನೋಡಿಬಿಡಲಿ ಎಂದರು ಡಾಕ್ಟರು. ಏನು ನೋಡುತ್ತೀಯವ್ವ ಎಂದು ಕೇಳಿದರೆ, ಸಮುದ್ರ ಎಂದಳು. ಆಂಧ್ರದ ತೀರದಲ್ಲಿ ಒಂದು ರಾಷ್ಟ್ರೀಯ ಉದ್ಯಾನವಿದೆ, ಗದ್ದಲವಿಲ್ಲ, ಆರಾಮಾಗಿ ನೋಡಬಹುದು ಎಂದು ಕೇಳಿ ಹೊರಡುವ ಏರ್ಪಾಟು ಮಾಡಿದೆ. ಸುದ್ದಿ ಸಿರುಗುಪ್ಪಕ್ಕೆ ಮುಟ್ಟಿದ್ದೇ ತಪ್ಪಾಯಿತು. ಅಕ್ಕನನ್ನು ಅಷ್ಟು ನೀರಿನ ಹತ್ತಿರ ನನ್ನಂಥವನ ಕೈಯಲ್ಲಿ ಬಿಡುವುದುಂಟೇ? ಮಾಮ ಬಂದೇ ಬಿಟ್ಟ. ಒಂದು ಕೈಯಲ್ಲಿ ಹೊಸ ಹಗ್ಗ, ಇನ್ನೊಂದರಲ್ಲಿ ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬು! ಗಾಳಿಯನ್ನು ಅಲ್ಲಿ ಹೋಗಿ ತುಂಬಿದರಾಗದೇ ಎಂದೆ. ಮುಳುಗುವವರು ನೀನು ಪಂಪು ಹೊಡೆಯುವ ತನಕ ಕಾಯುತ್ತಾರೇನು ಎಂದು ನನ್ನನ್ನೇ ಕೇಳಿದ. ಟ್ಯೂಬು ಬಾಡಿಗೆ ಕಾರಿನ ಸೀಟಿನ ಮೇಲೆ ಕೂತಿತು, ನಾನು ಟ್ಯೂಬಿನೊಳಗೆ ಕೂತೆ.

ಪಳಗಿದ ಡ್ರೈವರುಗಳೆಲ್ಲ ಗಣಿ ಲಾರಿ ಹತ್ತಿಬಿಟ್ಟಿದ್ದರು. ನಮಗೆ ಸಿಕ್ಕವನ ಮೇಲೆ ಮಾಮನಿಗೆ ಮೊದಲಿನಿಂದಲೂ ಅನುಮಾನ. ಅವನು ತೂಕಡಿಸಬಾರದೆಂದು ಊರಿಗೊಂದು ಖಾರದ ಮಿರ್ಚಿ ತಿನ್ನಿಸಿದ. ತೂಕಡಿಕೆ ಬರಲಿಲ್ಲ ನಿಜ, ಆದರೆ ಹೊಟ್ಟೆ ಕೆಟ್ಟು ಪಾಪದವನು ಕಂಡ ಕಂಡ ಪೊದೆಯ ಹತ್ತಿರ ಗಾಡಿ ನಿಲ್ಲಿಸತೊಡಗಿದ! ಬೆಳಿಗ್ಗೆ ಮುಟ್ಟಬೇಕಾದವರು ಉದ್ಯಾನ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಸಂಜೆ ಉಬ್ಬರಕ್ಕೆ ನೀರು ಏರುವ ಮುಂಚೆ ಹೊರಬರಬೇಕು, ನಾಳೆಯಿಂದ ಆಮೆಗಳು ಮೊಟ್ಟೆಯಿಡುವ ಕಾಲವೆಂದು ಉದ್ಯಾನವೇ ಮುಚ್ಚುತ್ತದೆ ಎಂದ ಕಾವಲುಗಾರ. ಅಂದರೆ ಅವ್ವನಿಗೆ ಇರುವುದು ಇದೊಂದೇ ಸಂಜೆ.

ಮಾಮನಿಗೆ ಅವಸರವೇ? ಗೇಟಿನ ಪಕ್ಕ ಆಳೆತ್ತರದ ಬೋರ್ಡು. ಈಜಬಾರದು, ಬಂಡೆ ಹತ್ತಬಾರದು, ಸಿಳ್ಳೆ ಊದಿದ ಕೂಡಲೇ ವಾಪಸಾಗಬೇಕು. ಅವನಿಗೆ ನೆಂಟರೇ ಸಿಕ್ಕಷ್ಟು ಖುಷಿ! ತೆಲುಗಿನ ಸಾಲುಗಳನ್ನೆಲ್ಲ ಕನ್ನಡ ಮಾಡಿ ಎರಡೆರಡು ಸಲ ಹೇಳಿ, ಬೋರ್ಡಿನಲ್ಲಿ ಇಲ್ಲದ್ದನ್ನೂ ತಾನೇ ಸೇರಿಸಿದ. ಟ್ಯೂಬನ್ನು ಒಳಗೆ ಬಿಡುವುದಿಲ್ಲವೆಂದು ಗೊತ್ತಾದ ಮೇಲೆ ಹಗ್ಗ ಹೊರಬಂತು. ಅವ್ವ, ನಾನು, ಮಾಮ ಮೂವರ ಸೊಂಟಕ್ಕೂ ಗಂಟು ಬಿತ್ತು. ಎದುರು ಬಂದವರೊಬ್ಬರು ಇವರದು ಯಾವ ಕೇಸು ಎಂದು ಕಾವಲುಗಾರನನ್ನು ವಿಚಾರಿಸಿದರು.

ಮುಂದೆ ಕೆಸರಿನ ಮೇಲೆ ಹಲಗೆಯ ದಾರಿ. ಒಂದೊಂದು ಹಲಗೆಯ ಮೇಲೂ ಮಾಮ ಮೊದಲು ತಾನು ಕುಪ್ಪಳಿಸಿ ಪರೀಕ್ಷೆ ಮಾಡುತ್ತಿದ್ದ. ಹೀಗೆ ಕುಣಿದರೆ ಗಟ್ಟಿ ಇದ್ದದ್ದೂ ಮುರಿಯುತ್ತದೆ ಎಂದು ಹಿಂದೆಯೇ ಬರುತ್ತಿದ್ದ ಕಾವಲುಗಾರ ಗದರಿದ. ಬಿಸಿಲು ಇಳಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಮಾಮಾ, ಅವ್ವ ನೋಡಾಕ ಬಂದಿದ್ದು ಸಮುದ್ರ. ಹಲಗಿ ಅಲ್ಲ."

"ಮೊದ್ಲ ಆಕಿ ಕಾಲು, ಆಮ್ಯಾಲ ಸಮುದ್ರ," ಎಂದು ಇನ್ನೊಂದು ಹಲಗೆಯ ಮೇಲೆ ಹಾರಿದ.

ಹಲಗೆ ಮುಗಿದು ಮರಳು ಬಂತು. ಅವ್ವ ನಿಂತುಬಿಟ್ಟಳು. ಕಣ್ಣಿಗೆ ಕೈ ಅಡ್ಡ ಹಿಡಿದು, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಮುಖ ತಿರುಗಿಸುತ್ತ ಸಮುದ್ರ ನೋಡತೊಡಗಿದಳು. ಅಷ್ಟರಲ್ಲೇ ಸಿಳ್ಳೆ! ನೀರು ಏರುತ್ತಿದೆ, ತಿರುಗಿ ಬನ್ನಿ ಎಂದು ಕಾವಲುಗಾರ ಕೈಬೀಸಿದ. ಮೊದಲು ಓಡುವವನು ಮಾಮನೇ ಎಂದುಕೊಂಡೆ.

ಮಾಮ ತನ್ನ ಸೊಂಟದ ಹಗ್ಗ ಬಿಚ್ಚಿ, ಕಾವಲುಗಾರನ ಹತ್ತಿರ ಹೋಗಿ ಕೈಮುಗಿದ. ನಮ್ಮ ಕಡೆ ನೀರೆಂದರೆ ಕಾಲುವೆ. ಗೇಟು ಎತ್ತಿ ಇಳಿಸುವವನೊಬ್ಬ ಇದ್ದೇ ಇರುತ್ತಾನೆ, ಕೇಳಿಕೊಂಡರೆ ಸ್ವಲ್ಪ ತಡೆಯುತ್ತಾನೆ. ಈ ನೀರು ಬಿಡುವವರು ಯಾರಿದ್ದಾರೋ ಅವರಿಗೊಂದು ಮಾತು ಹೇಳಿ, ಅರ್ಧ ತಾಸು ತಡೆಯಲಿ, ನಮ್ಮಕ್ಕ ಇನ್ನೂ ನೋಡುತ್ತಿದ್ದಾಳೆ ಎಂದು ಮಾಮ ತೆಲುಗಿನಲ್ಲಿ ಬೇಡಿಕೊಂಡ. ನಾನು ನಗಬೇಕಿತ್ತು. ನಗು ಬರಲಿಲ್ಲ. ಕಾವಲುಗಾರನೂ ನಗಲಿಲ್ಲ. ಸಿಳ್ಳೆಯನ್ನು ಜೇಬಿಗಿಟ್ಟು, ಸ್ವಲ್ಪ ಹೊತ್ತು ಮಾತ್ರ ಎಂದು ಬಂದು ನಮ್ಮ ಪಕ್ಕದಲ್ಲೇ ನಿಂತ.

ಮಾಮ ಅವ್ವನ ನೋಟಕ್ಕೆ ಅಡ್ಡವಾಗದಂತೆ ಒಂದು ಪಕ್ಕಕ್ಕೆ ಸರಿದು, ಅವಳಿಗಿಂತ ಒಂದು ಹೆಜ್ಜೆ ಮುಂದೆ ನೀರಿನಲ್ಲಿ ನಿಂತುಕೊಂಡ. ಅಲೆ ಬಂದು ಪಂಚೆ ತೋಯಿಸಿತು. ಮುಂದಿನದು ಬರುವಾಗ ಬಿಚ್ಚಿದ್ದ ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

"ಸಾಕು ನಡೀಲೇ ತಮ್ಮಾ," ಎಂದಳು ಅವ್ವ. "ನೀ ಅಂಜಾಕತ್ತಿ."

"ಅಂಜಿಕಿ ದಿನಾ ಇದ್ದದ್ದ. ನೀ ನೋಡಕ್ಕ."