ಐದು ಮಕ್ಕಳ ಬ್ರಹ್ಮಚಾರಿ

ಮಕ್ಕಳಿದ್ದವರಿಗೆ ಆಗಬೇಕಾದ ಪೇಚಾಟಗಳೆಲ್ಲ ಮದುವೆಯೇ ಆಗದ ನನಗೇ ಯಾಕೆ ಗಂಟುಬೀಳುತ್ತಿದ್ದವೋ, ನಾ ಕಾಣೆ. ಎಪ್ಪತ್ತರ ದಶಕದಲ್ಲಿ ಶ್ರೀನಗರದ ಒಂದು ವಠಾರದ ಕೊನೆಯ ಕೋಣೆ ನನ್ನದು. ಉಳಿದ ಮನೆಗಳಲ್ಲಿ ಒಟ್ಟು ಐದು ಮಕ್ಕಳು. ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಜ್ವರ ಬಂದರೂ ರಜೆ ಹಾಕದೆ, ವರ್ಷದ ಕ್ಯಾಷುಯಲ್ ಲೀವನ್ನೆಲ್ಲ ಡಿಸೆಂಬರಿಗೆ ಉಳಿಸಿಕೊಂಡು, ಕ್ರಿಸ್‌ಮಸ್ ರಜೆ ಬಂದ ಕೂಡಲೇ ಆ ಐವರನ್ನು ಕಟ್ಟಿಕೊಂಡು ಊರು ಸುತ್ತುತ್ತಿದ್ದೆ.

"ಪಾಪ, ನಮ್ಮ ಮಕ್ಕಳಿಗೋಸ್ಕರ ಎಷ್ಟು ಒದ್ದಾಡ್ತಾರೆ" ಎಂದು ತಾಯಂದಿರು ಹೊಗಳುತ್ತಿದ್ದರು. ನಿಜ ಹೇಳಬೇಕೆಂದರೆ ಉಪಕಾರ ಮಾಡುತ್ತಿದ್ದವರು ಮಕ್ಕಳು. ಆ ಹತ್ತು ದಿನ ಬಿಟ್ಟರೆ ನನ್ನ ಕೋಣೆಯ ಬಾಗಿಲು ತಟ್ಟುವವರು ಯಾರೂ ಇರಲಿಲ್ಲ. ದಸರಾ ಮುಗಿದಂದಿನಿಂದ ನನಗೆ ಒಂದೇ ಚಿಂತೆ, ಈ ಸಲವೂ ಬರುತ್ತಾರೋ ಇಲ್ಲವೋ ಎಂದು.

ಹುಲಿ ಮತ್ತು ಅವರೆಕಾಳು

ಡಿಸೆಂಬರ್ ಎಂದರೆ ಅವರೆಕಾಯಿ ಕಾಲ. ಕಾಲವೆಂದರೆ ಸಾಮಾನ್ಯ ಕಾಲವಲ್ಲ. ವಠಾರದಲ್ಲಿ ಕೈ ಖಾಲಿ ಇರುವ ಮನುಷ್ಯ ಕಣ್ಣಿಗೆ ಬಿದ್ದರೆ ಸಾಕು, ಮುಂದೆ ಒಂದು ಪಾತ್ರೆ ನೆನೆಸಿದ ಕಾಳು ಬಂದು ಕೂರುತ್ತಿತ್ತು. ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಹಾರಿಸಬೇಕು. ಹಿತಕಿದ ಬೇಳೆ ಸಾರು ತಿನ್ನುವುದು ಹತ್ತು ನಿಮಿಷ, ಹಿತಕುವುದು ಅರ್ಧ ದಿನ.

ಬನ್ನೇರುಘಟ್ಟಕ್ಕೆ ಹೊರಟ ದಿನ ಐವರು ತಾಯಂದಿರೂ ಒಂದೇ ಷರತ್ತು ಹಾಕಿದರು. "ಹೆಂಗೂ ಅಲ್ಲಿ ಸುಮ್ನೆ ಕೂತಿರ್ತಾರಲ್ಲ, ಹಿತಕ್ಕೊಂಡು ಬರ್ಲಿ." ಹೀಗೆ ಐದು ಮಕ್ಕಳು, ಐದು ಡಬ್ಬಿ. ಮುಗಿಸದೆ ಮನೆಗೆ ಬರಬಾರದು. ನಾವು ಹುಲಿಯ ಪಂಜರದ ಎದುರು ನೆರಳು ನೋಡಿ, ದುಂಡಗೆ ಕೂತು ಹಿತಕಲು ಶುರುಮಾಡಿದೆವು. ಸ್ವಲ್ಪ ಹೊತ್ತಿಗೆ ಹುಲಿ ನೋಡಲು ಬಂದಿದ್ದ ಜನವೆಲ್ಲ ಇತ್ತ ತಿರುಗಿ ನಮ್ಮನ್ನೇ ನೋಡತೊಡಗಿದರು. ಒಬ್ಬಾಕೆ ಕೂತು ನಾಲ್ಕು ಕಾಳು ಹಿತಕಿಯೂ ಕೊಟ್ಟರು. ಕೊನೆಗೆ ಕಾವಲುಗಾರ ಬಂದ.

"ಸಾರ್, ಒಂದ್ಸಲನಾದ್ರೂ ಆ ಕಡೆ ತಿರುಗಿ ನೋಡಿ ಸಾರ್. ಅದಕ್ಕೂ ಬೇಜಾರಾಗುತ್ತೆ."

ಸಂಜೆ ಬಂದಾಗ ಹುಲಿ ಹೇಗಿತ್ತು ಎಂದು ಒಬ್ಬರೂ ಕೇಳಲಿಲ್ಲ. "ಸಿಪ್ಪೆ ಎಲ್ಲಿ? ಬಿಸಾಕಿಬಿಟ್ರಾ? ಹಸೂಗೆ ಹಾಕ್ಬೋದಿತ್ತು" ಎಂದರು. ಅಂದು ಐದೂ ಮನೆಗಳಿಂದ ಒಂದೊಂದು ಬಟ್ಟಲು ಸಾರು ಬಂತು. ಐದು ಬಟ್ಟಲು ಸಾಲಾಗಿಟ್ಟುಕೊಂಡು ಒಬ್ಬನೇ ಕೂತೆ. ಮೂರು ದಿನ ಅದನ್ನೇ ತಿಂದೆ.

ಟೋಪಿ ವ್ಯಾಪಾರ

ಆಗಿನ ತಾಯಂದಿರಿಗೆ ಬೆಂಗಳೂರಿನ ಚಳಿಯ ಬಗ್ಗೆ ಬಹಳ ಗೌರವ. ಮಟಮಟ ಮಧ್ಯಾಹ್ನವೂ ಮಕ್ಕಳ ಮೈಮೇಲೆ ಸ್ವೆಟರು, ತಲೆಗೆ ಮಂಕಿ ಕ್ಯಾಪು. ಲಾಲ್‌ಬಾಗಿನ ಗೇಟು ದಾಟುತ್ತಿದ್ದಂತೆ ಐವರೂ ಬಿಚ್ಚಿ ನನ್ನ ಮೇಲೆ ಹೇರಿದರು. ಎರಡು ಭುಜಕ್ಕೂ ಸ್ವೆಟರು, ಕೈತುಂಬ ಟೋಪಿ ಹೊತ್ತು ಬಂಡೆ ಹತ್ತುತ್ತಿದ್ದವನನ್ನು ಒಬ್ಬಾಕೆ ತಡೆದರು.

"ಕೆಂಪುದು ಎಷ್ಟಪ್ಪಾ?"

"ಮಾರೋಕಲ್ಲ ತಾಯಿ" ಎನ್ನುವಷ್ಟರಲ್ಲಿ ಆ ಕೆಂಪು ಸ್ವೆಟರಿನ ಒಡೆಯ, ಎರಡನೇ ಕ್ಲಾಸಿನ ಭೂಪ, ನನ್ನ ಪಂಚೆ ಜಗ್ಗಿದ. "ಕೊಟ್ಬಿಡಿ ಮಾಮ. ಕೇಳಿದಷ್ಟಕ್ಕೆ ಕೊಟ್ಬಿಡಿ. ಚುಚ್ಚುತ್ತೆ."

ಬಸ್ಸಿನಲ್ಲಿ ಬುದ್ಧಿವಾದ

ಇನ್ನೊಂದು ವರ್ಷ ತಲಘಟ್ಟಪುರದ ಕಡೆ ಹೊರಟಿದ್ದೆವು, ರಾಗಿ ಹುಲ್ಲಿನ ಮೆದೆ ಮೇಲಿಂದ ಜಾರಲು. ಬಸ್ಸಿನಲ್ಲಿ ಎದುರಿನ ಸೀಟಿನಲ್ಲಿದ್ದ ಮೇಡಂ ಕುಟುಂಬ ಯೋಜನೆಯವರು. ಕೈಯಲ್ಲಿ ಕರಪತ್ರಗಳ ಕಟ್ಟು. ನನ್ನ ತೊಡೆಯ ಮೇಲೆ ಒಂದು, ಪಕ್ಕದಲ್ಲಿ ಎರಡು, ಕಿಟಕಿಯಲ್ಲಿ ಎರಡು. ಆಕೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಓದಿದೋರ ಥರ ಕಾಣ್ತೀರಾ. ಈ ಕಾಲದಲ್ಲಿ ಐದು ಮಕ್ಕಳಾ ಸಾರ್? ಆ ತಾಯಿ ಗತಿ ಏನು? ಯಾವತ್ತಾದ್ರೂ ಯೋಚ್ನೆ ಮಾಡಿದೀರಾ?"

ಅಲ್ಲೇ ನಿಜ ಹೇಳಿಬಿಡಬಹುದಿತ್ತು. ಬಾಯಿಗೆ ಬಂತು, ನುಂಗಿಕೊಂಡೆ. ಆಕೆ ಬೈಯುತ್ತಿದ್ದಷ್ಟು ಹೊತ್ತು ನಾನು ಐದು ಮಕ್ಕಳ ತಂದೆ, ಮನೆಯಲ್ಲಿ ಹೆಂಡತಿ ಇರುವವನು. ಆ ಬೈಗುಳ ನನಗೆ ಹಿತವಾಗಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಇನ್ನಷ್ಟು ಬೈಯಲಿ ಎಂದುಕೊಂಡೇ ತಲೆ ತಗ್ಗಿಸಿ ಕೂತಿದ್ದೆ.

ಆದರೆ ಆಕೆ ಆಸ್ಪತ್ರೆಯ ವಿಳಾಸ ಬರೆದುಕೊಟ್ಟು, "ಸೋಮವಾರ ಬನ್ನಿ, ಆಪರೇಷನ್ ಐದೇ ನಿಮಿಷ, ನಾನೇ ಬಂದಿರ್ತೀನಿ" ಎಂದಾಗ ಗಾಬರಿಯಲ್ಲಿ ಕೂಗಿಯೇಬಿಟ್ಟೆ.

"ಅಮ್ಮಾ, ನನಗಿನ್ನೂ ಮದುವೆನೇ ಆಗಿಲ್ಲ!"

ಇಡೀ ಬಸ್ಸು ಹಿಂದಕ್ಕೆ ತಿರುಗಿತು. ಮೊದಲು ನನ್ನನ್ನು ನೋಡಿತು, ಆಮೇಲೆ ಐದು ಮಕ್ಕಳನ್ನು ನೋಡಿತು. ಕಂಡಕ್ಟರ್ ಮಾತ್ರ ತಣ್ಣಗೆ ಹೇಳಿದ, "ಈಗ್ಲಾದ್ರೂ ಮಾಡ್ಕೊಂಬಿಡಿ ಗುರುಗಳೇ."

ಒಬ್ಬೊಬ್ಬರೇ ಹೋಗಂಗಿಲ್ಲ

ಎಂಬತ್ತರ ದಶಕ ಬಂತು. ಮಕ್ಕಳು ಬೆಳೆಯುವುದಕ್ಕೆ ನನ್ನ ಅಪ್ಪಣೆ ಕೇಳಲಿಲ್ಲ. ಒಬ್ಬ ಟ್ಯೂಷನ್ನಿಗೆ ಸೇರಿದ, ಒಬ್ಬನಿಗೆ ಕ್ರಿಕೆಟ್ ಹತ್ತಿತು. ಇನ್ನಿಬ್ಬರ ಮನೆಯವರು ಕುಮಾರಸ್ವಾಮಿ ಲೇಔಟಿನಲ್ಲಿ ಸ್ವಂತ ಮನೆ ಕಟ್ಟಿಕೊಂಡು ಹೋದರು. ಕೊನೆಗೆ ಉಳಿದಿದ್ದವಳು ಒಬ್ಬಳೇ ಹುಡುಗಿ. ಆ ಡಿಸೆಂಬರಿನಲ್ಲಿ ಅವಳೂ ಬಾಗಿಲಲ್ಲಿ ನಿಂತು, "ಮಾಮ, ಈ ಸಲ ಸ್ಪೆಷಲ್ ಕ್ಲಾಸು. ಬೇಜಾರ್ ಮಾಡ್ಕೋಬೇಡಿ" ಎಂದಳು. "ಓದು ಮುಖ್ಯ ಪುಟ್ಟಿ" ಎಂದೆ. ಆದರೆ ರಜೆ ಆಗಲೇ ಮಂಜೂರಾಗಿತ್ತು.

ಎರಡು ದಿನ ಕೋಣೆಯಲ್ಲಿ ಕೂತೆ. ಮೂರನೇ ದಿನ ಗೋಡೆಗಳು ಮೈಮೇಲೆ ಬಂದಂತಾಗಿ, ಇಸ್ತ್ರಿ ಷರಟು ಹಾಕಿಕೊಂಡು ಬಸ್ಸು ಹತ್ತಿ ಪಾರ್ಕಿನ ಪುಟಾಣಿ ರೈಲಿನ ಹತ್ತಿರ ಹೋಗಿ ನಿಂತೆ.

"ಒಂದು ಟಿಕೆಟ್ ಕೊಡಪ್ಪ."

"ಮಕ್ಕಳೆಲ್ಲಿ ಸಾರ್?"

"ಇಲ್ಲ. ನಾನೊಬ್ಬನೇ."

"ದೊಡ್ಡೋರು ಒಬ್ಬೊಬ್ರೇ ಹೋಗಂಗಿಲ್ಲ. ಒಂದು ಮಗು ಕರ್ಕೊಂಡು ಬನ್ನಿ, ಕೊಡ್ತೀನಿ."

ಎಲ್ಲಿಂದ ತರಲಿ? ಸಾಲಿನಿಂದ ಹೊರಬರುವಾಗ ಕಣ್ಣು ತುಂಬಿತು. ಹಿಂದೆ ನಿಂತಿದ್ದವರು ಇದನ್ನೆಲ್ಲ ಕೇಳಿಸಿಕೊಂಡಿರಬೇಕು. ಮೈಗೆಲ್ಲ ಮಕ್ಕಳನ್ನು ಅಂಟಿಸಿಕೊಂಡು ಸುಸ್ತಾಗಿದ್ದ ದಂಪತಿ. ಗಂಡ ನನ್ನ ತೋಳು ಹಿಡಿದರು. "ಸಾರ್, ಒಂದು ಬೆಂಚಿಗೆ ನಾವು ಒಬ್ಬರು ಜಾಸ್ತಿ ಆಗ್ತೀವಿ. ಇವಳನ್ನ ನಿಮ್ಮ ಪಕ್ಕ ಕೂರಿಸ್ಕೊಳ್ತೀರಾ? ನಾವು ಹಿಂದುಗಡೆ ಬೆಂಚಲ್ಲೇ ಇರ್ತೀವಿ."

ಹೀಗೆ ಆರು ವರ್ಷದ, ಎರಡು ಜಡೆಯ ಹುಡುಗಿಯೊಬ್ಬಳು ನನ್ನ ಪಾಲಿಗೆ ಬಂದಳು. ರೈಲು ಹೊರಟಿತು. ಟಿಕೆಟ್ ನೋಡುವವನು ಬಂದು, "ಈ ಮಗು ನಿಮ್ಮ ಜೊತೇನಾ?" ಎಂದು ನನ್ನನ್ನು ಕೇಳಿದ.

ಉತ್ತರ ಅವಳೇ ಕೊಟ್ಟಳು. "ಅಲ್ಲ, ಇವ್ರು ನನ್ನ ಜೊತೆ. ಒಬ್ರನ್ನೇ ಬಿಡಲ್ವಂತೆ, ಅದಕ್ಕೆ ನಾನು ಕರ್ಕೊಂಡು ಬಂದಿದೀನಿ."

ಎರಡು ಸುತ್ತು ಮುಗಿಯುವವರೆಗೂ ಅವಳು ನನ್ನ ಮೇಲೆ ಒಂದು ಕಣ್ಣಿಟ್ಟೇ ಇದ್ದಳು. ತಲೆ ಹೊರಗೆ ಹಾಕಬೇಡಿ ಎಂದು ಎರಡು ಸಲ ಗದರಿದಳು. ಇಳಿದ ಮೇಲೆ ಅಪ್ಪ ಅಮ್ಮನ ಹತ್ತಿರ ಓಡಿದವಳು ಏನೋ ನೆನಪಾಗಿ ವಾಪಸು ಬಂದಳು.

"ಅಂಕಲ್, ಇನ್ನೊಂದ್ಸಲ ಬರೋವಾಗ ಮನೆಯಿಂದಾನೇ ಯಾರನ್ನಾದ್ರೂ ಕರ್ಕೊಂಡು ಬನ್ನಿ. ದಿನಾ ನಾನು ಸಿಗಲ್ಲ."