ಒಮ್ಮೆ ಮಾತ್ರ ಕೇಳುವ ಡ್ರ್ಯಾಗನ್ನಿಗೆ

ವಾಕಡ, ಪುಣೆ

ಕಪ್ಪು ಕಣಿವೆಯ ಸೇತುವೆಗೆ ಏಕೈಕ ಒಡೆಯರೂ ಬೆಂಕಿ ಉಗುಳುವುದರಲ್ಲಿ ಅದ್ವಿತೀಯರೂ ಆದ ಡ್ರ್ಯಾಗನ್ ಸಾಹೇಬರ ಸನ್ನಿಧಿಗೆ, ಸುಟ್ಟು ಬೂದಿಯಾದ, ಖಣದ ಬಟ್ಟೆಯ ವ್ಯಾಪಾರಿ ನಿಜಲಿಂಗಪ್ಪನವರ ಪರವಾಗಿ ರೇಣು ಹಂಪಿಹೊಳಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ನೆಲೆಸಿರುವುದು ನನ್ನ ಗೆಳೆಯ ಮಂದಾರನ ಊಟದ ಮೇಜಿನ ಮೇಲೆ. ಪ್ರತಿ ಭಾನುವಾರ ಅಲ್ಲಿ ನಾವು ಆಡುವ ಕಥೆಯಾಟದಲ್ಲಿ ಅವನು ಕಥೆ ಹೇಳುತ್ತಾನೆ, ತಮ್ಮ ದನಿಯಲ್ಲಿ ಗುಡುಗುತ್ತಾನೆ. ನಾವು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತೇವೆ; ಪಾತ್ರದ ಪ್ರಯತ್ನ ಫಲಿಸಿತೋ ಇಲ್ಲವೋ ಎಂದು ದಾಳವೇ ಹೇಳುತ್ತದೆ. ಉಳಿದವರದೆಲ್ಲ ಕತ್ತಿ, ಕೊಡಲಿ, ಮಂತ್ರ. ನನ್ನ ನಿಜಲಿಂಗಪ್ಪನವರಿಗೆ ಮಾತ್ರ ಮಾತು ಮತ್ತು ಬಟ್ಟೆಯ ಗಂಟು. ಈ ಸಲದ ಕರಾರು ಸ್ಪಷ್ಟವಾಗಿತ್ತು: ಜಗಳವಿಲ್ಲದೆ ತಂಡವನ್ನು ಸೇತುವೆ ದಾಟಿಸಿದರೆ ವ್ಯಾಪಾರಿಗೆ ಆಟದಲ್ಲಿ ಕಾಯಂ ಜಾಗ, ಇಲ್ಲವಾದರೆ ಮುಂದಿನ ವಾರದಿಂದ ನಾನೂ ಕೊಡಲಿ ಹಿಡಿಯಬೇಕು.

ತಮ್ಮ ಸೌಜನ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಚಳಿಗಾಲದಲ್ಲಿ ಬೆನ್ನು ತುರಿಸುವ ಸಂಕಟವನ್ನು, ಯಾವ ವೀರನಿಗೂ ಹೇಳದ್ದನ್ನು, ನಿಜಲಿಂಗಪ್ಪನವರೊಬ್ಬರ ಬಳಿ ತೋಡಿಕೊಂಡಿರಿ, ಅವರು ಹೊದಿಸಿದ ಖಣದ ನುಣುಪಿಗೆ ಕಣ್ಣು ಮುಚ್ಚಿದಿರಿ, ದಾಳವೂ ಒಲಿಯಿತು, "ಹೋಗ್ರಿ ಶೆಟ್ರ, ಸೇತುವೆ ನಿಮ್ದಽ ಅಂತ ತಿಳೀರಿ" ಎಂದಿರಿ. ಧಾರವಾಡದ ಕಡೆಯ ಯಾವ ಮರ್ಯಾದಸ್ಥರೂ ಮೊದಲ ಸಲಕ್ಕೆ ಹೇಳುವಂತೆ ನಿಜಲಿಂಗಪ್ಪನವರು "ಛೇ, ಬ್ಯಾಡ್ರಿ, ನಿಮಗ್ಯಾಕ ತ್ರಾಸ" ಎಂದರು. ತಾವು ಮತ್ತೆ ಒತ್ತಾಯಿಸುವಿರಿ, ಮೂರನೆಯ ಸಲಕ್ಕೆ ಒಪ್ಪಿದರಾಯಿತು ಎಂದು ಅವರು ಕಾದು ನಿಂತರು. ತಾವೋ ಮಂದಾರನ ಡ್ರ್ಯಾಗನ್. ಅವನದು ಕನ್ನಡ ಮನೆತನವೇ, ಆದರೆ ಮೂರು ತಲೆಮಾರಿನ ಪುಣೆಯ ವಾಸದಿಂದ, ಅತಿಥಿಯನ್ನು ಬಾಗಿಲಲ್ಲೇ "ಊಟ ಮುಗಿಸೇ ಬಂದಿರಬೇಕಲ್ಲ?" ಎಂದು ವಿಚಾರಿಸಿಕೊಳ್ಳುವ ಮನೆತನ. ಬೇಡವೆಂದರೆ ಬೇಡ. ಕೊಟ್ಟ ದಾರಿಯನ್ನು ಒಲ್ಲೆನೆಂದವರಿಗೆ ಬೆಂಕಿ.

ನಮ್ಮ ತಂಡದ ಕೊಡಲಿಯವಳಾದ, ಪುಣೆಯದೇ ನಿಗಡಿ ಬಡಾವಣೆಯ ಸಾಯಲಿ, "ರೇಣು, ನಿಮ್ಮ ಶೆಟ್ರು ಉಪಚಾರ ಮಾಡ್ಕೋತ ಸುಟ್ಟು ಹೋದ್ರಲ್ಲ" ಎಂದು ಚಹಾ ಮೂಗಿಗೇರುವಷ್ಟು ನಕ್ಕಳು. ಆಮೇಲಿನ ಕಾಳಗದಲ್ಲಿ ಅವಳ ಕೊಡಲಿ ಗುರಿ ತಪ್ಪುತ್ತಲೇ ಹೋಯಿತು. ತಪ್ಪಿದಾಗಲೆಲ್ಲ ಇನ್ನೊಮ್ಮೆ ಬೀಸಲು ಅವಕಾಶ ಸಿಕ್ಕಿತು. ಕೊನೆಗೆ ಎಲ್ಲರೂ ಸೇತುವೆ ದಾಟದೆ ಓಡಿ ಬಂದರು. ಮಾತು ಒಮ್ಮೆ ಜಾರಿದವರಿಗೆ ಮಾತ್ರ ನೇರವಾಗಿ ಚಿತೆಯೇ, ಸಾಹೇಬರೇ? ಚೌಕಾಸಿಯಲ್ಲಿ ಸೋತವರಿಗೆ ಕೆಟ್ಟ ಬೆಲೆ ಸಿಗಲಿ, ಸುತ್ತುದಾರಿ ಸಿಗಲಿ, ತಮ್ಮ ಅತ್ತೆಯವರ ಗುಹೆ ಗುಡಿಸುವ ಕೆಲಸ ಸಿಗಲಿ, ಆಟ ಮುಂದುವರಿಯಲಿ.

ಆದ್ದರಿಂದ ತಾವು ಇನ್ನು ಮುಂದೆ ಯಾರನ್ನೂ ಮೂರು ಸಲ ಕೇಳದೆ ಸುಡಬಾರದೆಂದೂ, ಉಸಿರು ಒಳಗೆಳೆದುಕೊಂಡ ಮೇಲೂ ಒಮ್ಮೆ ನಿಂತು "ಖರೇನ ಬ್ಯಾಡೇನ್ರಿ?" ಎನ್ನಬೇಕೆಂದೂ, ಈಗಾಗಲೇ ಹೊರಬಿದ್ದ ಜ್ವಾಲೆಯನ್ನು ಕಳೆದ ಭಾನುವಾರದಿಂದ ಪೂರ್ವಾನ್ವಯವಾಗುವಂತೆ ನುಂಗಿಕೊಳ್ಳಬೇಕೆಂದೂ ಪ್ರಾರ್ಥಿಸುತ್ತೇನೆ.

ಇನ್ನೂ ಬೆಚ್ಚಗಿರುವ ಬೂದಿಯ ಪರವಾಗಿ,
ತಮ್ಮ ವಿಶ್ವಾಸಿ,
ರೇಣು ಹಂಪಿಹೊಳಿ

ವಿ.ಸೂ.: ಕರಾರಿನಂತೆ ಮುಂದಿನ ಭಾನುವಾರ ಕೊಡಲಿ ಹಿಡಿದ ಪಾತ್ರವನ್ನೇ ಕರೆತರುತ್ತಿದ್ದೇನೆ: ನಿಜಲಿಂಗಪ್ಪನವರ ಹೆಂಡತಿ ಬಸವಣ್ಣೆವ್ವ. ಕೊಡಲಿ ಕಟ್ಟಿಗೆ ಒಡೆಯಲಿಕ್ಕೆ. ಸೇತುವೆಯ ಬಾಯಲ್ಲೇ ಒಲೆ ಹೂಡಿ ತಮಗೆ ಹೋಳಿಗೆ ಬಡಿಸುವವರಿದ್ದಾರೆ. ತಾವು "ಸಾಕು" ಎಂದರೆ ಅವರ ಪಾಲಿಗೆ ಊಟ ಆಗ ಶುರು. ಆ ಒತ್ತಾಯದಿಂದ ಪಾರಾಗಲು ತಾವು ಯಾವ ದಾಳ ಉರುಳಿಸಬೇಕೆಂದು ಮಂದಾರ ನಿಯಮದ ಪುಸ್ತಕದಲ್ಲಿ ಇನ್ನೂ ಹುಡುಕುತ್ತಿದ್ದಾನೆ.